ಹತ್ತು ಜನರನ್ನು ಕೂಡಿಸುತ್ತಿದ್ದ ನೆಟ್ಟಾ

ಗುರುವಾರ ಬೆಳಿಗ್ಗೆ ಎಂಟೂವರೆಗೆ ಫೋನ್ ಗಣಗಣಿಸಿದರೆ, ಥಾರ್ನ್‌ಹೆವನ್ನಿನ ಯಹೂದಿ ಮನೆಗಳಲ್ಲಿ ಹೆಂಡತಿಯರು ಅದನ್ನು ಎತ್ತುವ ಮೊದಲೇ ಗಂಡಂದಿರ ಮುಖ ನೋಡುತ್ತಿದ್ದರು. ಆ ಹೊತ್ತಿಗೆ ಫೋನ್ ಮಾಡುವವರು ಊರಿನಲ್ಲಿ ಒಬ್ಬರೇ. ನೆಟ್ಟಾ ಬ್ರೋಟ್ಮನ್. ಅವರು ಕುಶಲಪ್ರಶ್ನೆಗಳಿಗೆ ಸಮಯ ಕಳೆದವರಲ್ಲ.

"ಶನಿವಾರ ಬರ್ತೀರಲ್ಲ?"

"ಬೆನ್ನು ಹಿಡ್ಕೊಂಡಿದೆ ಕಣೇ ನೆಟ್ಟಾ."

"ಬೆನ್ನು ಮನೇಲಿರಲಿ, ನೀವು ಬನ್ನಿ. ನಮಗೆ ಬೇಕಾಗಿರೋದು ತಲೆ."

ನಮ್ಮದು ಉತ್ತರ ಇಂಗ್ಲೆಂಡಿನ ಕಡಲ ತೀರದ ಸಣ್ಣ ಊರು. ಹೆರಿಂಗ್ ಮೀನಿನ ವ್ಯಾಪಾರ ಚೆನ್ನಾಗಿದ್ದ ಕಾಲದಲ್ಲಿ ನಮ್ಮವರ ಮನೆಗಳು ಇನ್ನೂರಿದ್ದುವಂತೆ. ನಾನು ಇಲ್ಲಿನ ಶಾಲೆಗೆ ಇತಿಹಾಸದ ಮೇಷ್ಟರಾಗಿ ಸೇರಿದಾಗ ಅರವತ್ತಕ್ಕೆ ಇಳಿದಿದ್ದುವು, ನಿವೃತ್ತನಾಗುವಾಗ ಮೂವತ್ತು. ನಮ್ಮ ಪ್ರಾರ್ಥನಾ ಮಂದಿರವಾದ ಸಿನಗಾಗಿಗೆ ಗುರುಗಳನ್ನು ಇಟ್ಟುಕೊಳ್ಳುವ ಶಕ್ತಿ ಎಂದೋ ಹೋಗಿತ್ತು. ಪ್ರಾರ್ಥನೆಯನ್ನು ನಾವೇ ಸರದಿಯಂತೆ ನಡೆಸುತ್ತಿದ್ದೆವು. ಆದರೆ ಪ್ರಾರ್ಥನೆ ಪೂರ್ತಿಯಾಗಬೇಕಾದರೆ ಹತ್ತು ಜನ ಗಂಡಸರು ಸೇರಲೇಬೇಕು. ಸತ್ತವರ ಹೆಸರಿನಲ್ಲಿ ಹೇಳುವ ಕದೀಶ್ ಎಂಬ ಪ್ರಾರ್ಥನೆಯನ್ನಂತೂ ಒಂಬತ್ತು ಜನರಿದ್ದರೆ ಬಾಯಿ ಬಿಟ್ಟು ಹೇಳುವ ಹಾಗಿಲ್ಲ.

ಆ ಹತ್ತು ಜನರನ್ನು ಕೂಡಿಸುವುದೇ ನೆಟ್ಟಾ ಅವರ ಕೆಲಸ. ಯಾರೂ ಒಪ್ಪಿಸಿದ ಕೆಲಸವಲ್ಲ. ಸ್ಟೇಷನ್ ರಸ್ತೆಯಲ್ಲಿ ಅವರದೊಂದು ಉಣ್ಣೆ ನೂಲಿನ ಅಂಗಡಿ ಇತ್ತು. ಗಲ್ಲದ ಪಕ್ಕ ಫೋನ್ ಸಿಕ್ಕಿಸಿಕೊಂಡು, ಕೈಯಲ್ಲಿ ಹೆಣಿಗೆ ಹಾಕುತ್ತಲೇ ಅವರು ಊರಿನ ಗಂಡಸರನ್ನು ಒಬ್ಬೊಬ್ಬರನ್ನಾಗಿ ಹಿಡಿಯುತ್ತಿದ್ದರು. ಯಾರಿಗೆ ಯಾವ ಮಾತು ನಾಟುತ್ತದೆಂದು ಅವರಿಗೆ ಗೊತ್ತಿತ್ತು. ಒಬ್ಬರಿಗೆ ಉಪ್ಪು ಹಾಕಿದ ಹೆರಿಂಗ್ ಇದೆ ಎನ್ನಬೇಕು, ಇನ್ನೊಬ್ಬರಿಗೆ ವಿಸ್ಕಿ ಇದೆ ಎನ್ನಬೇಕು. ಹೆರಾಲ್ಡ್ ಫೈನ್‌ಗೋಲ್ಡ್ ಎಂಬ ಪೀಠೋಪಕರಣದ ವ್ಯಾಪಾರಿಗೆ ಮಾತ್ರ, "ನೀವು ಬರದಿದ್ರೂ ನಡೆಯುತ್ತೆ ಬಿಡಿ" ಎಂದರೆ ಸಾಕು, ಎಲ್ಲರಿಗಿಂತ ಮೊದಲು ಬಂದು ಕೂಡುತ್ತಿದ್ದರು.

ನಮ್ಮಲ್ಲಿ ಮನುಷ್ಯರನ್ನು ಒಂದು, ಎರಡು ಎಂದು ಎಣಿಸುವುದಿಲ್ಲ. ಹಾಗೆ ಎಣಿಸುವುದು ಒಳ್ಳೆಯದಲ್ಲವೆಂದು ಹಿರಿಯರ ನಂಬಿಕೆ. ಹತ್ತು ಪದಗಳಿರುವ ಒಂದು ಶ್ಲೋಕವಿದೆ. ತಲೆಗೊಂದು ಪದದಂತೆ ಅದನ್ನು ಹೇಳಿಕೊಂಡು ಹೋಗುತ್ತೇವೆ. ಮಹಡಿಯ ಹೆಂಗಸರ ಸಾಲಿನಿಂದ ನೆಟ್ಟಾ ಕೆಳಗೆ ನೋಡುತ್ತ ತುಟಿ ಅಲುಗಿಸುತ್ತಿದ್ದರು. ಕೊನೆಯ ಪದಕ್ಕೆ ಒಂದು ತಲೆ ಸಿಕ್ಕಿತೆಂದರೆ ಬೆನ್ನನ್ನು ಕುರ್ಚಿಗೆ ಒರಗಿಸಿ ಕಣ್ಣು ಮುಚ್ಚುತ್ತಿದ್ದರು. ಹೆಂಗಸಾದುದರಿಂದ ಅವರ ತಲೆಗೆ ಮಾತ್ರ ಆ ಶ್ಲೋಕದ ಯಾವ ಪದವೂ ಬೀಳಲಿಲ್ಲ.

ಇದು ಆರಂಭವಾದುದಕ್ಕೆ ಒಂದು ಕಾರಣವಿತ್ತು. ನೆಟ್ಟಾ ಮತ್ತು ಮಾಂಟಿ ದಂಪತಿಗಳಿಗೆ ಒಬ್ಬನೇ ಮಗ, ಕಾಲಿನ್. ನನ್ನ ವಿದ್ಯಾರ್ಥಿ. ಇಸವಿಗಳನ್ನು ಎಂದೂ ಸರಿಯಾಗಿ ಬರೆಯದ, ಆದರೆ ಬೈದರೆ ನಕ್ಕು ನಗಿಸುವ ಹುಡುಗ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಕಡಲ ರಸ್ತೆಯ ತಿರುವಿನಲ್ಲಿ ಹಿಮ ಗಟ್ಟಿಯಾಗಿದ್ದ ಒಂದು ಬೆಳಿಗ್ಗೆ, ಅವನ ಮೋಟಾರ್ ಸೈಕಲ್ ಜಾರಿತು. ನಮ್ಮ ಪಂಚಾಂಗದಲ್ಲಿ ಅದು ಕಿಸ್ಲೇವ್ ತಿಂಗಳ ಮೂರನೆಯ ದಿನ. ಶೋಕದ ವಾರದ ಎರಡನೆಯ ಸಾಯಂಕಾಲ ಅವರ ಮನೆಗೆ ಬಂದ ಗಂಡಸರು ಎಂಟೇ ಮಂದಿ. ಮಾಂಟಿ ಪುಸ್ತಕ ತೆರೆದು ಒಂದು ಗಂಟೆ ನಿಂತಿದ್ದರು. ಆಮೇಲೆ ಮುಚ್ಚಿದರು.

ಆ ವಾರ ಕಳೆದ ಮರುದಿನವೇ ನೆಟ್ಟಾ ಫೋನ್ ಹಿಡಿದರು. "ಇನ್ನು ಈ ಊರಲ್ಲಿ ಯಾರ ಮನೇಲೂ ಹಾಗಾಗ್ಬಾರ್ದು ಮೇಷ್ಟ್ರೇ" ಎಂದು ನನಗೆ ಹೇಳಿದ್ದರು. ನಲವತ್ತೊಂದು ವರ್ಷ ಯಾವ ಶೋಕದ ಮನೆಯಲ್ಲಿಯೂ ಹಾಗಾಗಲಿಲ್ಲ. ಪ್ರತಿವರ್ಷ ಕಿಸ್ಲೇವ್ ಮೂರರಂದು ಮಾಂಟಿ ಮಗನ ಹೆಸರಿನಲ್ಲಿ ಕದೀಶ್ ಹೇಳಿದರು. ಒಂದು ವರ್ಷವೂ ತಪ್ಪಲಿಲ್ಲ.

ನೆಟ್ಟಾ ಅವರಿಗೆ ಎಪ್ಪತ್ತೊಂಬತ್ತು ತುಂಬಿದ ವರ್ಷ, ಸಣ್ಣ ಊರುಗಳ ಸಭೆಗಳನ್ನು ಉಳಿಸಬೇಕೆಂದು ಲೀಡ್ಸ್ ನಗರದಲ್ಲಿ ಒಂದು ನಾಯಕತ್ವ ತರಬೇತಿ ಏರ್ಪಟ್ಟಿತು. ತಿಂಗಳಿಗೊಂದು ಸೋಮವಾರ, ಮಧ್ಯಾಹ್ನದಿಂದ ರಾತ್ರಿಯವರೆಗೆ. ನಮ್ಮ ಸಮಿತಿಯವರು ನೆಟ್ಟಾ ಅವರನ್ನೂ, ಹಲ್ಲಿನ ಡಾಕ್ಟರ್ ಗ್ರೆಹಾಮ್ ಶುಲ್ಮನ್‌ನನ್ನೂ, ಇನ್ನಿಬ್ಬರು ಗಂಡಸರನ್ನೂ ಆರಿಸಿ ಕಳುಹಿಸಿದರು.

"ಈ ವಯಸ್ಸಲ್ಲಿ ನಾಯಕಿ ಆಗ್ತಿದ್ದೀರಲ್ಲ" ಎಂದು ನಾನು ರೇಗಿಸಿದೆ.

"ಊಟ ಅವರದೇ ಅಂತೆ. ಇಲ್ದಿದ್ರೆ ಯಾರು ಹೋಗ್ತಿದ್ರು?" ಎಂದರು.

ಅಲ್ಲಿ ಕಲಿಸುತ್ತಿದ್ದವಳು ತಾಲಿಯಾ ಎಂಬ ಮೂವತ್ತೈದರ ಹೆಣ್ಣುಮಗಳು. ನಾಳೆ ನೀವು ಹಾಸಿಗೆ ಹಿಡಿದರೆ ನಿಮ್ಮ ಸಭೆಯಲ್ಲಿ ಏನೇನು ನಿಂತುಹೋಗುತ್ತದೆ, ಬರೆಯಿರಿ ಎಂದಳಂತೆ. ನೆಟ್ಟಾ 'ಎಲ್ಲ' ಎಂಬ ಒಂದೇ ಪದ ಬರೆದರು. ಎಲ್ಲರೂ ನಕ್ಕರು. ತಾಲಿಯಾ ಮಾತ್ರ ನಗದೆ ಅವರ ಪಕ್ಕ ಬಂದು ಕುಳಿತಳು.

"ನೆಟ್ಟಾ ಆಂಟಿ, ಇಷ್ಟು ವರ್ಷ ನೀವೊಬ್ಬರೇ ಹೊತ್ಕೊಂಡು ಬಂದಿದ್ದೀರಿ. ನಿಮ್ಮ ನಂತರ ಹೊರೋರು ಬೇಡ್ವಾ? ಫೋನ್ ಮಾಡೋ ಹೆಸರುಗಳ ಪಟ್ಟಿ ಯಾರಿಗಾದ್ರೂ ಕೊಟ್ಬಿಡಿ. ಕೊಟ್ಟ ಮೇಲೆ ಮೂರು ತಿಂಗಳು ಕೇಳ್ಬೇಡಿ, ನೋಡ್ಬೇಡಿ, ಬಾಯಿಗೆ ಬೀಗ ಹಾಕ್ಕೊಳ್ಳಿ. ನೀವು ಒಂದ್ಸಲ ಬಾಯಿ ಹಾಕಿದ್ರೂ ಅವರು ಕಲಿಯಲ್ಲ."

ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲವೆಂದು ಇಂದಿಗೂ ನಾನು ತಿಳಿಯುತ್ತೇನೆ. ಆ ತರಬೇತಿಯಿಂದ ನಮಗೆ ಒಳ್ಳೆಯದೇ ಆಯಿತು. ಎರಡು ವರ್ಷದಿಂದ ಊರಿನಲ್ಲಿದ್ದ ಒಂದು ಎಳೆಯ ಕುಟುಂಬವನ್ನು ನಾವು ಯಾರೂ ಊಟಕ್ಕೆ ಕರೆದಿರಲಿಲ್ಲ. ಗ್ರೆಹಾಮ್ ಆ ಮನೆಯ ಬಾಗಿಲು ತಟ್ಟಿ ಕರೆದುಕೊಂಡು ಬಂದನು. ಶನಿವಾರದ ಪ್ರಾರ್ಥನೆಗೆ ಹೊಸ ಮುಖಗಳು ಕಂಡುವು.

ನೆಟ್ಟಾ ಪಟ್ಟಿಯಿದ್ದ ಬಿಸ್ಕತ್ತಿನ ಡಬ್ಬಿಯನ್ನೂ ಸಿನಗಾಗಿನ ಬೀಗದ ಕೈಯನ್ನೂ ಗ್ರೆಹಾಮ್‌ಗೆ ಕೊಟ್ಟರು. ಊರಿನಲ್ಲಿ ಯಾರ ಯಾರ ಪುಣ್ಯತಿಥಿ ಎಂದು ಬರುತ್ತದೆಂಬುದೂ ಆ ಪಟ್ಟಿಯಲ್ಲಿಯೇ ಇತ್ತು. ಅಂದಿನಿಂದ ಗುರುವಾರ ಬೆಳಿಗ್ಗೆ ಎಂಟೂವರೆಗೆ ಅವರು ಫೋನಿಗೆ ಬೆನ್ನು ಹಾಕಿ ಹೆಣಿಗೆ ಹಾಕುತ್ತಿದ್ದರು. ಯಾವ ದಿನ ಯಾರ ಪ್ರಾರ್ಥನೆ ಎಂದು ಸಿನಗಾಗಿನ ಹಲಗೆಯ ಮೇಲೆ ಗ್ರೆಹಾಮ್ ಅಂಟಿಸುವ ಕಾಗದವನ್ನು ಓದಬಾರದೆಂದು ಮುಖ ತಿರುಗಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದರು.

"ನಾಲಿಗೆ ತುರಿಸುತ್ತೆ ಮೇಷ್ಟ್ರೇ. ಆದ್ರೆ ಮಾತು ಕೊಟ್ಟಿದ್ದೀನಿ."

ಆ ವರ್ಷ ಕಿಸ್ಲೇವ್ ಮೂರು ಮಂಗಳವಾರ ಬಂದಿತು. ನಮ್ಮ ದಿನ ಸೂರ್ಯ ಮುಳುಗಿದಾಗ ಹುಟ್ಟುತ್ತದೆ, ಮರುದಿನ ಸೂರ್ಯ ಮುಳುಗಿದಾಗ ಮುಗಿಯುತ್ತದೆ. ಆದುದರಿಂದ ಕಾಲಿನ್‌ನ ದಿನ ಆರಂಭವಾಗುವುದು ಸೋಮವಾರ ಸಂಜೆ. ಇದು ನಮ್ಮ ಮಕ್ಕಳಿಗೆಲ್ಲ ಗೊತ್ತು. ಗ್ರೆಹಾಮ್‌ಗೂ ಗೊತ್ತು, ಅವನಿಗೆ ಅದನ್ನು ಕಲಿಸಿದವನೇ ನಾನು. ಆದರೆ ಅವನು ನೆಟ್ಟಾ ಅವರ ಪಟ್ಟಿಯನ್ನೆಲ್ಲ ಕಂಪ್ಯೂಟರಿಗೆ ಹಾಕಿದಾಗ ಕಂಪ್ಯೂಟರು ಮಂಗಳವಾರ ಎಂದಿತು. ಅವನು ಅದರ ಮುಂದೆ ಸಂಜೆ ಏಳು ಗಂಟೆ ಎಂದು ಸೇರಿಸಿದನು. ಆ ಹೊತ್ತಿಗೆ ದಿನ ಮುಗಿದು ಮೂರು ಗಂಟೆ ಕಳೆದಿರುತ್ತದೆ. ಹಲಗೆಯ ಮೇಲಿನ ಆ ಕಾಗದವನ್ನು ಶನಿವಾರ ನಾನೂ ಓದಿದ್ದೆ. ಮೂವತ್ತೇಳು ವರ್ಷ ಹುಡುಗರ ತಪ್ಪುಗಳಿಗೆ ಕೆಂಪು ಗೆರೆ ಎಳೆದ ನನ್ನ ಕಣ್ಣಿಗೆ ಅದು ಬೀಳಲಿಲ್ಲ.

ಮಾಂಟಿಗೆ ಆಗ ಎಂಬತ್ತಮೂರು. ಹೃದಯದ ಶಸ್ತ್ರಚಿಕಿತ್ಸೆಗೆಂದು ಮಂಗಳವಾರ ಬೆಳಿಗ್ಗೆ ಏಳಕ್ಕೇ ದೂರದ ಆಸ್ಪತ್ರೆಗೆ ಸೇರಬೇಕಾಗಿತ್ತು. ಕದೀಶ್ ಹೇಳಲು ಅವರಿಗಿದ್ದುದು ಸೋಮವಾರದ ಸಂಜೆಯೊಂದೇ. ಅದೇ ದಿನ ಲೀಡ್ಸಿನಲ್ಲಿ ತರಬೇತಿಯ ಮೂರನೆಯ ಸಭೆ. ನನಗೆ ಆ ದಿನ ಆಗುವುದಿಲ್ಲ ಎಂದು ನೆಟ್ಟಾ ಹೇಳಿದಾಗ, ಆಸ್ಪತ್ರೆಯ ಸಿದ್ಧತೆಯಿರಬೇಕೆಂದು ಗ್ರೆಹಾಮ್ ತಿಳಿದನು. ಗ್ರೆಹಾಮ್ ಲೀಡ್ಸಿಗೆ ಹೋದರೂ ಇಲ್ಲಿನವರಿಗೆ ಹೇಳಿಯೇ ಹೋಗಿರುತ್ತಾನೆಂದು ನೆಟ್ಟಾ ತಿಳಿದರು. ಅವನು ಏಕೆಂದು ಕೇಳಲಿಲ್ಲ. ಇವರು ಕೇಳುವ ಹಾಗಿರಲಿಲ್ಲ.

ಪ್ರತಿವರ್ಷದ ರೂಢಿಯಂತೆ ಸೋಮವಾರ ಐದು ಗಂಟೆಗೆ ನಾನು ಸಿನಗಾಗಿನ ಬಳಿಗೆ ಹೋದಾಗ, ಬೀಗ ಹಾಕಿದ ಬಾಗಿಲ ಮುಂದೆ ಅವರಿಬ್ಬರೂ ನಿಂತಿದ್ದರು. ಕಡಲ ಗಾಳಿ ಬೀಸುತ್ತಿತ್ತು. ಮಾಂಟಿಯ ಕೋಟಿನ ಮೇಲೆ ನೆಟ್ಟಾ ತಮ್ಮ ಶಾಲನ್ನೂ ಹೊದಿಸಿದ್ದರು.

"ಎಲ್ಲಿ ನಿನ್ನ ಸೈನ್ಯ?" ಎಂದು ಮಾಂಟಿ ಕೇಳಿದರು.

"ಬರ್ತಾರೆ, ಇರಿ. ಈಗಿನ ಹುಡುಗ್ರು, ಗಡಿಯಾರ ನೋಡ್ಕೊಂಡು ಬರ್ತಾರೆ."

ಐದೂಕಾಲಾಯಿತು. ನೆಟ್ಟಾ ನನ್ನ ಕಡೆಗೆ ತಿರುಗಿದರು. ಅವರ ಮುಖ ನೋಡಿದಾಗ, ಹಲಗೆಯ ಮೇಲಿನ 'ಮಂಗಳವಾರ' ಎಂಬ ಅಕ್ಷರಗಳು ನನ್ನ ಕಣ್ಣ ಮುಂದೆ ಬಂದು ನಿಂತುವು. ನಾನು ಹೇಳಿದೆ. ಅವರು ಕೈ ನೀಡಿದರು.

"ನಿಮ್ಮ ಫೋನ್ ಕೊಡಿ."

ನನ್ನ ಮನೆ ಪಕ್ಕದ ಬೀದಿಯಲ್ಲಿಯೇ. ಮಾಂಟಿಯನ್ನು ಅಲ್ಲಿಗೆ ಕರೆದೊಯ್ದು, ಬೆಂಕಿಯ ಪಕ್ಕದ ಕುರ್ಚಿಯಲ್ಲಿ ಕೂಡಿಸಿದೆವು. ಹತ್ತು ಜನ ಸೇರಿದರೆ ಯಾವ ಮನೆಯಾದರೂ ಆದೀತು. ಪಟ್ಟಿ ಕೈಯಲ್ಲಿ ಇಲ್ಲದಿದ್ದರೂ ನೆಟ್ಟಾ ಅವರಿಗೆ ಎಲ್ಲರ ನಂಬರುಗಳೂ ಬಾಯಿಪಾಠ. ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದಾದ ಮೇಲೊಂದು ಒತ್ತಿದರು.

"ಹೆರಾಲ್ಡ್, ಕಾಲಿನ್‌ದು. ಇವತ್ತೇ. ಇಲ್ಲ, ನಾಳೆ ಅಲ್ಲ. ಚಪ್ಪಲೀಲೇ ಬನ್ನಿ."

ಹೆರಾಲ್ಡ್ ಮನೆಯ ಚಪ್ಪಲಿಯಲ್ಲಿಯೇ ಬಂದರು. ಊಟ ಅರ್ಧಕ್ಕೆ ಬಿಟ್ಟು ಒಬ್ಬರು ಬಂದರು. ಹೊಸ ಕುಟುಂಬದ ಹುಡುಗ ಕೆಲಸದ ಬಟ್ಟೆಯಲ್ಲಿ ಓಡಿಬಂದನು. ಆರೂವರೆಯ ಹೊತ್ತಿಗೆ ಕೋಣೆಯಲ್ಲಿದ್ದವರ ಮೇಲೆ ನಾನು ಶ್ಲೋಕ ಹೇಳಿಕೊಂಡು ಹೋದೆ. ಮಾಂಟಿಗೊಂದು ಪದ, ನನಗೊಂದು ಪದ. ಕೊನೆಯ ಪದ ನಾಲಿಗೆಯ ಮೇಲೆಯೇ ಉಳಿಯಿತು. ತಪ್ಪಿರಬಹುದೆಂದು ಮತ್ತೆ ಹೇಳಿದೆ. ಮತ್ತೆ ಉಳಿಯಿತು.

ಉಳಿದವರು ಬೇರೆ ಬೇರೆ ಊರುಗಳಲ್ಲಿ ಕೆಲಸದ ಮೇಲಿದ್ದರು. ಗ್ರೆಹಾಮ್ ಮತ್ತು ಅವನ ಜೊತೆಯ ಇಬ್ಬರು, ಫೋನ್ ಆರಿಸಿಟ್ಟು, ಲೀಡ್ಸಿನಲ್ಲಿ ಸಭೆ ಕಟ್ಟುವುದು ಹೇಗೆಂದು ಕಲಿಯುತ್ತಿದ್ದರು.

ಏಳೂಕಾಲಿಗೆ ಮಾಂಟಿಯ ತುಟಿ ನೀಲಿಯಾಗತೊಡಗಿತು. ಹೆರಾಲ್ಡ್ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಕೋಪ ಮಾಡ್ಕೋಬೇಡಿ... ನೆಟ್ಟಾನ ಸೇರಿಸ್ಕೊಂಡ್ರೆ? ಇಲ್ಲೇ ನಿಂತಿದ್ದಾಳಲ್ಲ. ಯಾರು ನೋಡ್ತಾರೆ?"

ಮಾಂಟಿ ತಲೆಯೆತ್ತಿ ಹೆಂಡತಿಯನ್ನು ನೋಡಿದರು. ಆಕೆ ಹೂಂ ಎಂದಿದ್ದರೆ ಅವರು ಹೇಳಿಬಿಡುತ್ತಿದ್ದರೆಂದು ನನಗೆ ಈಗಲೂ ಅನ್ನಿಸುತ್ತದೆ.

"ಬೇಡ" ಎಂದರು ನೆಟ್ಟಾ. "ಸಿನಗಾಗಿನಲ್ಲಿ ಒಂಬತ್ತೇ ಜನ ಇದ್ದಾಗ ಎಷ್ಟು ಜನರನ್ನ ನಾನೇ ವಾಪಸ್ ಕಳ್ಸಿದ್ದೀನಿ. ಅವರೂ ಅಪ್ಪ ಅಮ್ಮನ ಹೆಸರು ಹೇಳೋಕೇ ಬಂದಿದ್ರು. ನನ್ನ ಮಗನಿಗೆ ಅಂತ ಬೇರೆ ಲೆಕ್ಕ ಬೇಡ."

ಮಾಂಟಿ ಪುಸ್ತಕ ಮುಚ್ಚಿದರು. ನಲವತ್ತೊಂದು ವರ್ಷದ ಹಿಂದೆ ಮುಚ್ಚಿದ ಅದೇ ಪುಸ್ತಕ. "ಮುಂದಿನ ವರ್ಷ ಎರಡು ಸಲ ಹೇಳ್ತೀನಿ ಬಿಡೇ" ಎಂದು ಹೆಂಡತಿಯ ತೋಳು ಹಿಡಿದು ಎದ್ದರು. ಅವರ ಮನೆಯ ಅಡುಗೆಕಟ್ಟೆಯ ಮೇಲೆ, ನೆಟ್ಟಾ ನಾಲ್ಕು ಗಂಟೆಗೇ ಮಗನ ಹೆಸರಿನಲ್ಲಿ ಹಚ್ಚಿಟ್ಟ ಗಾಜಿನ ಲೋಟದ ದೀಪ ಉರಿಯುತ್ತಿತ್ತು. ಅದು ಮರುದಿನ ಸಂಜೆಯವರೆಗೂ ಉರಿಯಿತು.

ಗುರುವಾರ ಆಸ್ಪತ್ರೆಯಲ್ಲಿ ಮಾಂಟಿ ತೀರಿಕೊಂಡರು. ಎಚ್ಚರ ಮರಳಲೇ ಇಲ್ಲ.

ಶುಕ್ರವಾರ ಮಣ್ಣು ಮಾಡಿದೆವು. ಭಾನುವಾರ ಸಂಜೆ ಅವರ ಮನೆಯಲ್ಲಿ ಪ್ರಾರ್ಥನೆ. ನಮ್ಮ ಪದ್ಧತಿಯಂತೆ ಕನ್ನಡಿಗಳಿಗೆ ಬಟ್ಟೆ ಹೊದಿಸಿತ್ತು. ನೆಟ್ಟಾ ಒಳಕೋಣೆಯಲ್ಲಿ, ಶೋಕದವರು ಕೂಡುವ ತಗ್ಗು ಪೀಠದ ಮೇಲೆ ಕುಳಿತಿದ್ದರು. ಗ್ರೆಹಾಮ್ ಮೂರು ದಿನ ನಿದ್ದೆಗೆಟ್ಟವನಂತಿದ್ದನು. ಬಂದು ಅವರ ಮುಂದೆ ನೆಲದ ಮೇಲೆ ಕುಳಿತನು.

"ಆಂಟಿ, ಪಟ್ಟಿ ವಾಪಸ್ ತಂದಿದ್ದೀನಿ. ನನ್ನ ಕೈಲಾಗಲ್ಲ."

ಅವನು ಮುಂದಿಟ್ಟ ಡಬ್ಬಿಯನ್ನು ನೆಟ್ಟಾ ಮುಟ್ಟಲಿಲ್ಲ.

"ಇಟ್ಕೋ. ನಾನು ಎಷ್ಟು ದಿನ ಇರ್ತೀನಿ? ಒಂದು ಮಾತು ಕೇಳಿದ್ರೆ ಆಗಿತ್ತು ಕಣೋ. ನಾನು ಕೇಳ್ಲಿಲ್ಲ."

"ಕದೀಶ್ ನಾನು ಹೇಳ್ಲಾ? ಮಾಂಟಿ ಅಂಕಲ್‌ಗೆ?"

"ಹೇಳು. ನಿಧಾನಕ್ಕೆ ಹೇಳು. ನೀನು ಓಡಿಸ್ತೀಯ."

ಹೊರಗಿನ ಕೋಣೆ ತುಂಬಿಹೋಗಿತ್ತು. ಮಂಗಳವಾರಕ್ಕೆಂದು ಗ್ರೆಹಾಮ್ ಒಪ್ಪಿಸಿದ್ದ ಗಂಡಸರೆಲ್ಲರೂ, ತಪ್ಪಿಸದೆ, ಕರಿದ ಮೀನು, ಕೇಕು ಎಂದು ಒಬ್ಬೊಬ್ಬರು ಒಂದೊಂದು ಹಿಡಿದುಕೊಂಡು ಬಂದಿದ್ದರು. ಮೆಟ್ಟಿಲುಗಳ ಮೇಲೆಯೂ ನಿಂತಿದ್ದರು. ಗ್ರೆಹಾಮ್ ನಿಧಾನವಾಗಿಯೇ ಹೇಳಿದನು. ಎಲ್ಲರೂ ಆಮೆನ್ ಎಂದಾಗ ಗೋಡೆಯ ಮೇಲಿನ ಕಾಲಿನ್‌ನ ಪಟ ಅಲುಗಿದಂತಾಯಿತು.

ಮುಗಿದ ಮೇಲೆ ನಾನು ಒಳಗೆ ಹೋದೆ. ನೆಟ್ಟಾ ಬಾಗಿಲಿನತ್ತ ನೋಡುತ್ತಿದ್ದರು. ತುಟಿ ಅಲುಗುತ್ತಿರಲಿಲ್ಲ.

"ಎಷ್ಟು ಜನ ಇದ್ದಾರೆ ಮೇಷ್ಟ್ರೇ?"

ಅಷ್ಟು ವರ್ಷಗಳಲ್ಲಿ ಅವರ ಬಾಯಿಂದ ಆ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ಸಾಕಷ್ಟು ಇದ್ದಾರೆ ಎಂದೆ.

"ಹಾಗಲ್ಲ. ಎಣಿಸಿ ಹೇಳಿ."

ನಾನು ಬಾಗಿಲಲ್ಲಿ ನಿಂತು, ಮಾಡಬಾರದೆಂದು ಮಕ್ಕಳಿಗೆ ಕಲಿಸಿದ್ದನ್ನು ಮಾಡಿದೆ. ಒಂದು, ಎರಡು, ಮೂರು ಎಂದು ಎಣಿಸಿದೆ.

"ಹದಿನೇಳು."

ನೆಟ್ಟಾ ತಲೆಯಾಡಿಸಿದರು. ಮಡಿಲಲ್ಲಿದ್ದ ಕೈಗಳನ್ನು ನೋಡಿಕೊಂಡರು.

"ಸೋಮವಾರ ನನಗೆ ಇನ್ನೊಬ್ಬರು ಸಾಕಾಗಿತ್ತು" ಎಂದರು.