ಹೆಲಿಕಾಪ್ಟರ್ ತೊಳೆದ ಖಂಡೇಪೂಜೆ

ನನ್ನ ಮೈದುನ ಬೀದರಿನಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದ. ಆ ಸದ್ದಿಗೆ ಒಂದು ಕಿವಿ ಹೋಯಿತು. ಕೆಲಸ ಬಿಟ್ಟು ಹುಮನಾಬಾದಿನ ನಮ್ಮ ಮನೆಗೆ ಬಂದ. ಎಂಬತ್ತನೇ ಇಸವಿಯ ಈಚಿನ ಮಾತು. ಬರುವಾಗ ಒಂದು ಟ್ರಂಕು, ಒಂದು ಸಣ್ಣ ಆಟದ ಹೆಲಿಕಾಪ್ಟರ್ ತಂದ. ವರ್ಗವಾಗಿ ಹೋದ ಸಾಹೇಬರೊಬ್ಬರು ಮುರಿದದ್ದನ್ನು ಕೊಟ್ಟಿದ್ದರಂತೆ. ಎರಡೂವರೆ ಮೊಳ ಉದ್ದ, ಪುಟ್ಟ ಇಂಜಿನ್ನು, ತಲೆಯ ಮೇಲೆ ಕಟ್ಟಿಗೆಯ ಎರಡು ರೆಕ್ಕೆ. ಕೈಯಲ್ಲಿ ಹಿಡಿದ ಡಬ್ಬಿಯ ಕಡ್ಡಿ ಅಲ್ಲಾಡಿಸಿದರೆ ಅದು ದೂರದಿಂದಲೇ ಹೇಳಿದ ಹಾಗೆ ಕೇಳಬೇಕು. ಕೇಳುತ್ತಿರಲಿಲ್ಲ.

ಎರಡು ತಿಂಗಳು ಹಿತ್ತಲಲ್ಲಿ ಅದರ ಹಿಂದೆ ಬಿದ್ದ. ಬಾಲ ಎಡಕ್ಕೆ ತಿರುಗಿದರೆ ಡಬ್ಬಿಯ ಗುಂಡಿ ಒಂದು ಹಲ್ಲು ಬಲಕ್ಕೆ. ಒಂದು ರೆಕ್ಕೆ ಇನ್ನೊಂದಕ್ಕಿಂತ ಮೇಲೆ ಸುತ್ತಿದರೆ ಅದರ ಬುಡದ ತಂತಿ ಅರ್ಧ ಸುತ್ತು ಗಿಡ್ಡ. ತಿದ್ದುವುದು, ಹಾರಿಸುವುದು, ಮತ್ತೆ ತಿದ್ದುವುದು. ದುಡಿಯುವ ಗಂಡಸು ಆಟಿಕೆ ಹಿಡಿದು ಕೂತದ್ದು ನನಗೆ ಸೇರುತ್ತಿರಲಿಲ್ಲ. ಮುಖದ ಮೇಲೆಯೇ ಹೇಳಿದ್ದೆ.

ಅಷ್ಟರಲ್ಲಿ ಬಸವಕಲ್ಯಾಣದ ಒಂದು ಶಾಲೆಗೆ ಯಂತ್ರದ ಕೆಲಸ ಕಲಿಸುವ ಮಾಸ್ತರ ಬೇಕಾಗಿದ್ದ. ಒಂದೇ ಕಿವಿಯವನೆಂದು ಅಲ್ಲಿಯವರಿಗೆ ಅನುಮಾನ. ಹೆಡ್ ಮಾಸ್ತರರು ದಸರೆ ಹಬ್ಬಕ್ಕೆ ನಮ್ಮೂರ ಹತ್ತಿರದ ಹುಡಗಿ ಎಂಬ ಊರಿಗೆ, ತಮ್ಮ ತಂಗಿಯ ಮನೆಗೆ ಬರುವವರಿದ್ದರು. ಬನ್ನಿ ಹಬ್ಬದ ಮಧ್ಯಾಹ್ನ ನಮ್ಮಲ್ಲಿಗೆ ಬಂದು, ಇವನ ಕೈ ಕೆಲಸ ನೋಡಿ, ಹೌದು ಅಲ್ಲ ಹೇಳುತ್ತೇನೆಂದರು. ಎರಡು ದಿನ ಮೊದಲು ಹೆಲಿಕಾಪ್ಟರ್ ಎದೆಮಟ್ಟಕ್ಕೆ ಎದ್ದು ಅಲ್ಲಾಡದೆ ನಿಂತಿತು. ಅವತ್ತು ಅವನು ನಾಲ್ಕು ರೊಟ್ಟಿ ಹೆಚ್ಚು ತಿಂದ.

ಮರುದಿನ ಖಂಡೇಪೂಜೆ, ಆಯುಧಪೂಜೆಯ ದಿನ. ಕುಡಗೋಲು, ಈಳಿಗೆ, ಹೊಲಿಗೆ ಮಷಿನ್ನು, ಎಲ್ಲ ತೊಳೆದೆ. ಹೆಲಿಕಾಪ್ಟರನ್ನೂ ಒರೆಸಿ ಇಟ್ಟು ವಿಭೂತಿ ಹಚ್ಚಿದೆ. ಪೂಜೆಯ ದಿನ ಯಾವ ಯಂತ್ರವನ್ನೂ ಓಡಿಸುವುದಿಲ್ಲ. ಅವನೂ ಮುಟ್ಟಲಿಲ್ಲ.

ಬನ್ನಿಯ ಬೆಳಿಗ್ಗೆ ಇಂಜಿನ್ನು ಹೊತ್ತಿಸಿದ. ನೆಲ ಬಿಡುವ ಮೊದಲೇ ಅದು ಜ್ವರ ಬಂದವರಂತೆ ನಡುಗಿತು. ಗುಂಡಿ ತಿರುಗಿಸಿದ, ತಂತಿ ಬಿಗಿದ, ಸಡಿಲಿಸಿದ. ನಡುಕ ಹೆಚ್ಚೇ ಆಯಿತು.

"ಏನ್ ಕೆಡಿಸೀನೋ ತಿಳೀವಲ್ದು ವೈನಿ. ರೆಕ್ಕಿ ತೂಕ ಅಂತೂ ಅಲ್ಲ. ಹಗುರ ಇದ್ದದ್ದಕ್ಕ ಕೆಳಗ ಕರೀ ಪಟ್ಟಿ ಅಂಟಿಸಿ ಸಮ ಮಾಡೀನಿ."

ಪೂಜೆಗೆಂದು ಒರೆಸುವಾಗ ರೆಕ್ಕೆಯ ಅಡಿಗೆ ಅಂಟಂಟಾದ ಕರಿಯದೇನೋ ಸಿಕ್ಕಿತ್ತು. ಉಗುರಿನಿಂದ ಕೆರೆದು ತೆಗೆದಿದ್ದೆ.

"ಅದನ್ನ ನಾ ಕಿತ್ತೀನಿ ತಮ್ಮಾ."

"ಯಾಕ್ರಿ ವೈನಿ?"

"ಹೊಲಸ ಅಂದ್ಕೊಂಡೆ. ಹಬ್ಬಕ್ಕ ಮನ್ಯಾಗಿಂದೆಲ್ಲಾ ತೊಳೀತೀನಿ. ನಿಂದೊಂದು ಹಾಂಗೇ ಬಿಡಬೇಕಿತ್ತೇನು?"

ಅವನು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ರೆಕ್ಕೆ ಬಿಚ್ಚಿದ. ಮುಂಜಾನೆಯಿಂದ ತಿರುಗಿಸಿದ್ದಕ್ಕೆ ಲೆಕ್ಕವಿರಲಿಲ್ಲ, ಎಲ್ಲವನ್ನೂ ಮೊದಲಿನಿಂದ ಕೂರಿಸಬೇಕಿತ್ತು. ಆಗಲೇ ಹೆಡ್ ಮಾಸ್ತರರು ಬಂದರು. ಹೆಲಿಕಾಪ್ಟರ್ ಬಿಚ್ಚಿ ಚಾಪೆಯ ಮೇಲೆ ಬಿದ್ದಿತ್ತು.

"ಇದೇನಪಾ, ಹಾರಸ್ತೀನಿ ಅಂದಿದ್ದಿ?"

"ನಂದ್ರಿ ತಪ್ಪು, ಅವಂದಲ್ಲ," ಎಂದು ನಾನು ಅವನು ಬಾಯಿ ಬಿಡುವ ಮೊದಲೇ ನಡೆದದ್ದನ್ನೆಲ್ಲ ಹೇಳಿದೆ.

ಅವರು ಚಾಪೆಯ ಅಂಚಿಗೆ ಕೂತರು. ಮೈದುನ ಎರಡೂ ರೆಕ್ಕೆ ಜೋಡಿಸಿ, ನಡುವಿನ ತೂತಿಗೆ ದಬ್ಬಣ ತೂರಿಸಿ ಹಿಡಿದ. ಒಂದು ಕಡೆ ಬಾಗಿತು. ಹಗುರಾದದ್ದಕ್ಕೆ ಪಟ್ಟಿ ಅಂಟಿಸಿದ, ತುಸು ಕತ್ತರಿಸಿದ, ಸಮವಾಗಿ ನಿಂತಿತು. ಯಾಕೆ ಹಾಗೆ, ಮುಂದೇನು ನೋಡಬೇಕು ಎಂದು ಒಂದೊಂದಾಗಿ ತಿಳಿಸುತ್ತ ಕಟ್ಟಿದ. ಎರಡು ತಾಸು ಹಿಡಿಯಿತು. ಕಡೆಗೆ ಅದು ಎದ್ದಿತು. ನಡುಗಲಿಲ್ಲ.

"ಇನ್ನೂ ಎಡಕ್ಕ ಜಾರಾಕತ್ತದ್ರಿ ಸರ್," ಎಂದ ಅವನು, ಸಣ್ಣ ಮುಖ ಮಾಡಿ.

"ಜಾರಲಿ ಬಿಡು. ಕೆಟ್ಟದ್ದು ಎಲ್ಲಿ ಅಂತ ನನಗ ತೋರಿಸಿದಿ ನೋಡು, ಹುಡುಗ್ರಿಗೂ ಹಿಂಗ ತೋರಿಸು, ಸಾಕು." ಏಳುತ್ತ ನನ್ನ ಕಡೆ ತಿರುಗಿದರು. "ಅಕ್ಕಾವ್ರೆ, ನಮ್ಮ ಶಾಲಿ ಮಷಿನ್ ಮಾತ್ರ ತೊಳ್ಯಾಕ ಬರಬ್ಯಾಡ್ರಿ."

ದಸರೆ ರಜೆ ಮುಗಿದ ಮೇಲೆ ಅವನು ಬಸವಕಲ್ಯಾಣದ ಶಾಲೆಗೆ ಹೋದ. ಟ್ರಂಕು ಒಯ್ದ, ಹೆಲಿಕಾಪ್ಟರನ್ನೂ ಒಯ್ದ. ಅದನ್ನು ಇಡುತ್ತಿದ್ದ ಮೂಲೆಯಲ್ಲಿ ಈಗ ಹುಣಸೆಹಣ್ಣು ಇಡುತ್ತೇನೆ.