ನೋಯ್ಲೀನಳ ತೊಟ್ಟಿ, ನನ್ನ ನೀಲಿ ಬಕೆಟ್ಟು

ನೋಯ್ಲೀನ್ ಹಿಂಗ್‌ಸ್ಟನ್ ಪುಕ್ಕಲು ಹೆಂಗಸು ಎಂಬುದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಟಾಸ್ಮೇನಿಯಾದ ಟೇಮರ್ ನದಿ ಕಡಲು ಸೇರುವ ಕಡೆ ಇರುವ ಈ ಊರಿನಲ್ಲಿ ಮನೆಗೆ ಬೀಗ ಹಾಕುವವರೇ ಕಡಿಮೆ. ಅವಳು ಮಾತ್ರ ಹಾಕಿದ ಬೀಗವನ್ನು ಎರಡು ಸಲ ಎಳೆದು ನೋಡಿ, ಗೇಟಿನವರೆಗೆ ಹೋಗಿ, ವಾಪಸು ಬಂದು ಮೂರನೆಯ ಸಲ ಎಳೆಯುತ್ತಿದ್ದಳು. ಬೇಲಿಯ ಈಚೆ ನಿಂತು ನಾನು ಇದನ್ನು ಮೂವತ್ತು ವರ್ಷ ನೋಡಿ ನಕ್ಕಿದ್ದೇನೆ. ನನ್ನ ಹೆಸರು ಆಥಲ್. ದೋಣಿಗಳ ತಳ ಕೆರೆದು ಬಣ್ಣ ಬಳಿದು ಹೊಟ್ಟೆ ಹೊರೆದವನು. ಹೆದರಿಕೆ ಎಂದರೆ ಬೇರೆ ಕೆಲಸವಿಲ್ಲದವರ ಚಟ ಎಂದುಕೊಂಡಿದ್ದವನು.

ಅವಳ ಹೆದರಿಕೆಗೆ ಕಾರಣವಿಲ್ಲದೆ ಇರಲಿಲ್ಲ. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಅವಳಪ್ಪ, ನೀರಿನ ಮೇಲೆ ಚಾಚಿದ ಹಲಗೆಯ ಜೆಟ್ಟಿಯ ತುದಿಯಲ್ಲಿ ದೋಣಿಯ ಹಗ್ಗ ಕಟ್ಟುತ್ತಿದ್ದವನು ಕಾಲು ಜಾರಿ ನೀರಿಗೆ ಬಿದ್ದ. ನಮ್ಮ ಜೆಟ್ಟಿಯ ಕೆಳಗೆ ಇಳಿತದ ಹೊತ್ತಿನ ಸೆಳೆತ ಬಹಳ ಕೆಟ್ಟದ್ದು. ಸಿಕ್ಕಿದ್ದು ಅವನ ಟೋಪಿ ಮಾತ್ರ. ಅಂದಿನಿಂದ ಅವಳು ಜೆಟ್ಟಿಯ ಮೊದಲ ಕಂಬ ದಾಟಿದವಳಲ್ಲ. ಮೀನು ಬೇಕಾದರೂ ದಂಡೆಯಲ್ಲೇ ನಿಂತು ದೋಣಿಯವರನ್ನು ಕೂಗುತ್ತಿದ್ದಳು.

ಹಾಗಿದ್ದೂ ಇಪ್ಪತ್ತೆರಡು ವರ್ಷ ಅವಳು ದುಡಿದದ್ದು ನೀರಿನಲ್ಲೇ. ಊರಾಚೆಯಲ್ಲಿ, ಕುದುರೆಮೂತಿಯ ಪುಟ್ಟ ಮೀನುಗಳಾದ ಕಡಲಕುದುರೆಗಳ ಸಾಕಣೆ ಕೇಂದ್ರದಲ್ಲಿ ತೊಟ್ಟಿ ತಿಕ್ಕುವುದು, ಮರಿಗಳಿಗೆ ದಿನಕ್ಕೆ ಐದಾರು ಸಲ ಉಣಿಸುವುದು, ಸತ್ತವನ್ನು ಎತ್ತುವುದು ಅವಳ ಕೆಲಸ. “ಮೊಣಕೈವರೆಗಿನ ನೀರಿಗೆ ನಂಗೆ ಭಯ ಇಲ್ಲ ಕಣೋ,” ಎನ್ನುತ್ತಿದ್ದಳು. ಕೇಂದ್ರ ಮುಚ್ಚುವಾಗ ಅಲ್ಲೇ ಹುಟ್ಟಿ ಬೆಳೆದ ಒಂದು ಜೋಡಿ ದೊಡ್ಡ ಹೊಟ್ಟೆಯ ಕಡಲಕುದುರೆಗಳನ್ನೂ, ಅವುಗಳ ದಾಯಾದಿಗಳಂತಿರುವ, ಕಡ್ಡಿಯಷ್ಟೇ ದಪ್ಪದ ಎರಡು ಕೊಳವೆಮೀನುಗಳನ್ನೂ ಪರವಾನಗಿ ಕಾಗದದ ಸಮೇತ ಅವಳಿಗೆ ಕೊಡಲು ಒಪ್ಪಿದರು. ಮನೆಯಲ್ಲಿ ತೊಟ್ಟಿ ಸಿದ್ಧವಾಗಿರಬೇಕು, ಅಷ್ಟೇ ಷರತ್ತು. ಅವಳು ಇನ್ನೇನನ್ನಾದರೂ ಅಷ್ಟು ಆಸೆಪಟ್ಟದ್ದು ನಾನು ಕಂಡಿಲ್ಲ.

ತೊಟ್ಟಿ ಇಡುವುದರಲ್ಲೂ ಹೆದರಿಕೆಯೇ ಮುಂದೆ. ಒಲೆಯ ಪಕ್ಕ ಬೇಡ, ನೀರು ಬಿಸಿಯಾದೀತು. ಕಿಟಕಿಯ ಪಕ್ಕ ಬೇಡ, ಬಿಸಿಲು ಬಿದ್ದೀತು. ಅಗಲಕ್ಕಿಂತ ಎತ್ತರ ಜಾಸ್ತಿ ಇರಬೇಕು, ಜೋಡಿ ಕೂಡುವಾಗ ಮೇಲೆ ಕೆಳಗೆ ಹೋಗಲು ಜಾಗ ಸಾಲದಿದ್ದರೆ ಮೊಟ್ಟೆ ಬಿದ್ದುಹೋದೀತು. ಪಂಪಿನ ಬಾಯಿಗೆ ಸ್ಪಂಜು ಕಟ್ಟಬೇಕು, ಬಾಲ ಸಿಕ್ಕೀತು. ನೀರು ತಂಪಾಗಿಡುವ ಯಂತ್ರ ನಿಂತುಹೋದರೆ ಎಂದು ಫ್ರೀಜರಿನ ತುಂಬ ಐಸು ಕಟ್ಟಿದ ಬಾಟಲಿಗಳು. ಬಾಲ ಸುತ್ತಿಕೊಂಡು ನಿಲ್ಲಲು ಹಸಿರು ಹಗ್ಗದ ತುಂಡುಗಳನ್ನು ಕಡಲಹುಲ್ಲಿನ ಹಾಗೆ ಬಿಡಿಸಿ ಕಲ್ಲಿಗೆ ಕಟ್ಟಿದಳು. ಇಷ್ಟೆಲ್ಲ ಆದ ಮೇಲೂ ಆರು ವಾರ ತೊಟ್ಟಿಯಲ್ಲಿ ಬರೀ ನೀರು. ಕಣ್ಣಿಗೆ ಕಾಣದ ಒಳ್ಳೆಯ ಕ್ರಿಮಿಗಳು ಕಲ್ಲಿನಲ್ಲಿ ನೆಲೆಯೂರುವವರೆಗೆ ಮೀನು ಬಿಡುವಂತಿಲ್ಲವಂತೆ. ದಿನಾ ಬೆಳಿಗ್ಗೆ ಪುಟ್ಟ ಗಾಜಿನ ನಳಿಕೆಯಲ್ಲಿ ಆ ನೀರನ್ನು ತೆಗೆದು, ಹನಿ ಔಷಧಿ ಹಾಕಿ, ಬಣ್ಣ ನೋಡುವಳು.

ಬೇಕರಿಯ ಡಲ್ಸಿ ಬ್ರೆಡ್ಡು ಕೊಡಲು ಬಂದವಳು ಸೊಂಟಕ್ಕೆ ಕೈಯಿಟ್ಟು ನಿಂತು ನೋಡಿದಳು. “ಏನಮ್ಮಾ ನೋಯ್ಲೀನ್, ನೀರನ್ನೇ ಸಾಕ್ತಿದೀಯಾ? ಮರಿ ಗಿರಿ ಹಾಕುತ್ತಾ?”

“ನಗು, ನಗು. ನಿನ್ನ ಹಿಟ್ಟು ಹುಳಿ ಬರೋಕೆ ಕಾಯಲ್ವಾ ನೀನು?”

“ನಾನು ಒಂದು ರಾತ್ರಿ ಕಾಯ್ತೀನಮ್ಮಾ. ನಿನ್ ಥರ ಒಂದು ಮದುವೆ ಮಾಡಿ ಮುಗಿಸೋವಷ್ಟು ದಿನ ಅಲ್ಲ.”

ನಾನೂ ಜೋರಾಗಿ ನಕ್ಕೆ. ಆ ತೊಟ್ಟಿಗೆ ನೀರು ತರುತ್ತಿದ್ದವನು ನಾನೇ. ಜೆಟ್ಟಿಯ ತುದಿಯಲ್ಲಿ, ಉಬ್ಬರ ಪೂರ್ತಿಯಾಗುವ ಕೊನೆಯ ಅರ್ಧ ಗಂಟೆಯಲ್ಲಿ, ಬಿಳಿ ಬಕೆಟ್ಟು ಇಳಿಬಿಟ್ಟು ಎತ್ತಬೇಕು. ಮಳೆ ಬಂದು ಎರಡು ದಿನ ಕಳೆಯುವವರೆಗೆ ಎತ್ತಕೂಡದು, ನದಿಯ ಸಿಹಿನೀರು ಮೇಲೆ ತೇಲುತ್ತಿರುತ್ತದೆ. ಪ್ರತಿ ಸಲವೂ ನಾಲ್ಕು ಡ್ರಮ್ಮು ತಂದರೆ ಅವಳು ಒಂದನ್ನು ಒಗೆಯುವ ಕೋಣೆಯಲ್ಲಿ ತೆಗೆದಿಟ್ಟುಬಿಡುತ್ತಿದ್ದಳು. “ಕಡಲೇನು ನಾಳೆ ಬತ್ತಿಹೋಗುತ್ತಾ?” ಎಂದು ನಾನು ಕೇಳಿದರೆ, “ಇರ್ಲಿ ಬಿಡು,” ಎನ್ನುವಳು.

ಆಗಸ್ಟಿನಲ್ಲಿ ನಾಲ್ಕೂ ಜೀವಗಳು ಮನೆಗೆ ಬಂದವು. ಸೆಪ್ಟೆಂಬರಿನಲ್ಲಿ ಗಂಡು ಕಡಲಕುದುರೆಯ ಹೊಟ್ಟೆ ಉಬ್ಬಿತು. ಈ ಜಾತಿಯಲ್ಲಿ ಹೆಣ್ಣಿನ ಮೊಟ್ಟೆಯನ್ನು ಹೊಟ್ಟೆಯ ಚೀಲದಲ್ಲಿ ತುಂಬಿಕೊಂಡು ಬಸಿರು ಹೊರುವವನು ಅವನು. ನೋಯ್ಲೀನ್ ನಿದ್ದೆ ಬಿಟ್ಟಳು. ಒಲೆಗೆ ಸೌದೆ ಹಾಕಿದರೆ ಹೊಗೆ ತೊಟ್ಟಿಗೆ ಹೋಗುತ್ತದೆಂದು ನಮ್ಮ ಕಡೆ ಸೆಪ್ಟೆಂಬರಿಗೂ ಬಿಡದ ಆ ಚಳಿಯಲ್ಲೂ ಎರಡು ಸ್ವೆಟರು ಹಾಕಿಕೊಂಡು ಕೂತಳು. ಕೈಗೆ ಸೋಪು ಮುಟ್ಟಿಸುತ್ತಿರಲಿಲ್ಲ.

“ಕೇಂದ್ರದಲ್ಲಿ ಸಾವಿರ ಇದ್ವು ಆಥಲ್, ಒಂದು ಹೋದ್ರೆ ಇನ್ನೊಂದು,” ಎಂದಳು ಒಂದು ದಿನ. “ಇವನು ಒಬ್ಬನೇ. ಇವನಿಗೇನಾದ್ರೂ ಆದ್ರೆ ನನ್ನ ಕೈಯಿಂದಲೇ ಆದ ಹಾಗೆ.”

ಆ ತಿಂಗಳ ಮೂರನೆಯ ಭಾನುವಾರ ನನ್ನ ಬಿಳಿ ಬಕೆಟ್ಟು ಜೆಟ್ಟಿಯ ಕಂಬಕ್ಕೆ ಬಡಿದು ಸೀಳಿತು. ಉಬ್ಬರ ಇನ್ನು ಇಪ್ಪತ್ತು ನಿಮಿಷ. ಶೆಡ್ಡಿಗೆ ಓಡಿಹೋಗಿ ನೀಲಿ ಬಕೆಟ್ಟು ತಂದೆ. ವರ್ಷಗಟ್ಟಲೆ ದೋಣಿಯ ತಳದ ಬಣ್ಣ ಕಲಸಿದ ಬಕೆಟ್ಟು ಅದು. ಆ ಬಣ್ಣದಲ್ಲಿ ತಾಮ್ರ ಇರುತ್ತದೆ. ದೋಣಿಗೆ ಚಿಪ್ಪು, ಪಾಚಿ, ಹುಳು ಏನೂ ಅಂಟದಿರಲಿ, ಅಂಟಿದ್ದು ಸಾಯಲಿ ಎಂದೇ ಬಳಿಯುವ ಬಣ್ಣ. ಒಳಗೆ ಅಂಚಿನಲ್ಲಿ ಒಣಗಿದ ಚಕ್ಕೆಗಳಿದ್ದವು. ಕಂಡೆ. ಎರಡು ಸಲ ಜಾಲಿಸಿದೆ. ಒಣಗಿಹೋಗಿದೆಯಲ್ಲ ಎಂದುಕೊಂಡೆ. ನಲವತ್ತು ವರ್ಷ ಆ ಬಣ್ಣದಲ್ಲಿ ಕೈ ಅದ್ದಿದ ಮನುಷ್ಯ ನಾನು, ಹಾಗೆ ಅಂದುಕೊಂಡೆ!

ಡ್ರಮ್ಮುಗಳನ್ನು ಎರಡು ದಿನ ನನ್ನ ಹಿತ್ತಲಲ್ಲೇ ಬಿಟ್ಟು ಮಂಗಳವಾರ ಒಂದನ್ನು ಕೊಟ್ಟೆ. ಅವಳು ತೊಟ್ಟಿಯ ಹಳೆಯ ನೀರು ಸ್ವಲ್ಪ ತೆಗೆದು ಅದನ್ನು ಸುರಿದಳು. ಬುಧವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಇನ್ನೊಂದು ಡ್ರಮ್ಮು ಹೊತ್ತು ಅವಳ ಅಡುಗೆಮನೆಯ ಬಾಗಿಲಿಗೆ ಬಂದಾಗ ಒಳಗಿನಿಂದ ಕೂಗು ಕೇಳಿತು.

“ಆಥಲ್! ಬೇಗ ಬಾ ಮಾರಾಯ!”

ತೊಟ್ಟಿಯ ತಳದಲ್ಲಿ, ಮೀನುಗಳಿಗೆಂದು ಬಿಟ್ಟಿದ್ದ ಪುಟ್ಟ ಸೀಗಡಿಗಳೆಲ್ಲ ಬೆಳ್ಳಗೆ ಬಿದ್ದಿದ್ದವು. ಒಂದೂ ಮಿಸುಕುತ್ತಿರಲಿಲ್ಲ. ಕೊಳವೆಮೀನೊಂದು ಮಗ್ಗುಲಾಗಿ ತೇಲುತ್ತಿತ್ತು. ಹೆಣ್ಣು ಕುದುರೆ ಮೂತಿ ಮೇಲೆತ್ತಿ ಏದುಸಿರು ಬಿಡುತ್ತಿತ್ತು. ಗಂಡು ಹಗ್ಗಕ್ಕೆ ಬಾಲ ಸುತ್ತಲು ನೋಡುತ್ತಿದ್ದ, ಬಾಲ ಬಿಚ್ಚಿಕೊಳ್ಳುತ್ತಿತ್ತು. ಮತ್ತೆ ಸುತ್ತುತ್ತಿದ್ದ.

ನೋಯ್ಲೀನ್ ನಳಿಕೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. “ಅಮೋನಿಯಾ ಇಲ್ಲ. ಉಪ್ಪು ಸರಿ ಇದೆ. ತಂಪು ಸರಿ ಇದೆ. ಎಲ್ಲ ಸರಿ ಇದೆಯಲ್ಲೋ! ನಾನೇನು ಮಾಡ್ದೆ? ನಿನ್ನೆ ಕೈಗೆ ಎಣ್ಣೆ ಹಚ್ಚಿದ್ನಾ? ತೊಳೆದಿದ್ದೆ. ತೊಳೆದಿದ್ದೆ ಅನ್ಸುತ್ತೆ.”

ಬೆಳ್ಳಗೆ ಬಿದ್ದ ಆ ಸೀಗಡಿಗಳನ್ನು ನಾನು ಮೊದಲೂ ನೋಡಿದ್ದೆ. ಹೊಸ ಬಣ್ಣ ಬಳಿದ ದೋಣಿಯ ಕೆಳಗೆ, ನಿಂತ ನೀರಿನಲ್ಲಿ, ಹೀಗೇ ಬಿದ್ದಿರುತ್ತವೆ. ನೀಲಿ ಬಕೆಟ್ಟು ನೆನಪಾಯಿತು. ಹೇಳಬೇಕು ಎಂದುಕೊಂಡೆ, ಹೇಳಲಿಲ್ಲ. ಅವಳು ನನ್ನನ್ನು ಇನ್ನೆಂದೂ ಬಾಗಿಲೊಳಗೆ ಬಿಡುವುದಿಲ್ಲ ಎಂಬ ಹೆದರಿಕೆ. ಅದಕ್ಕಿಂತ ಕೀಳು ಯೋಚನೆಯೂ ಬಂತು: ಎಣ್ಣೆ ಎಂದುಕೊಂಡಿದ್ದಾಳೆ, ಎಂದುಕೊಳ್ಳಲಿ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

“ನೀರು ಬದಲಾಯಿಸ್ಬೇಕು,” ಎಂದಳು. “ಅರ್ಧಕ್ಕರ್ಧ ತೆಗೆದುಬಿಡ್ತೀನಿ. ಒಳ್ಳೇ ಹೊತ್ತಿಗೆ ತಂದೆ ನೋಡು. ಎತ್ತಿ ಕೊಡು.”

ನಾನು ಅಲ್ಲಾಡಲಿಲ್ಲ. ಅವಳೇ ಬಂದು ನನ್ನ ಕಾಲ ಬಳಿಯ ಡ್ರಮ್ಮನ್ನು ಎಳೆದುಕೊಂಡು ಹೋದಳು. ಮುಚ್ಚಳ ತಿರುಗಿಸಿದಳು. ಸ್ಟೂಲಿನ ಮೇಲೆ ಎತ್ತಿ ಬಗ್ಗಿಸಿದಳು.

“ಬೇಡ!” ಎಂದು ಕಿರುಚಿದೆ. ಓಡಿಹೋಗಿ ಡ್ರಮ್ಮಿನ ಬಾಯಿಗೆ ಅಂಗೈ ಒತ್ತಿದೆ. ನೀರು ನಮ್ಮಿಬ್ಬರ ಮೈಮೇಲೆ ಚೆಲ್ಲಿತು. “ಅದರಲ್ಲೇ ಇದೆ ವಿಷ. ನಾನೇ ಹಾಕಿದ್ದು ನೋಯ್ಲೀನ್. ನೀಲಿ ಬಕೆಟ್ಟಲ್ಲಿ ಎತ್ತಿದೆ. ಬಣ್ಣದ ಬಕೆಟ್ಟು. ಚಕ್ಕೆ ಕಂಡಿತ್ತು ನಂಗೆ.”

ಅವಳು ನನ್ನ ಮುಖ ನೋಡಿದಳು. ಬೈದಿದ್ದರೆ, ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಡ್ರಮ್ಮನ್ನು ನಿಧಾನವಾಗಿ ಕೆಳಗಿಟ್ಟಳು.

“ಐಸ್ ಪೆಟ್ಟಿಗೆ ಖಾಲಿ ಮಾಡು,” ಎಂದಳು.

ಪಿಕ್ನಿಕ್ಕಿಗೆ ಒಯ್ಯುವ ದೊಡ್ಡ ಐಸ್ ಪೆಟ್ಟಿಗೆಯನ್ನು ತಂದೆ. ಒಗೆಯುವ ಕೋಣೆಯಲ್ಲಿ ಎರಡು ಡ್ರಮ್ಮು ಹಳೆಯ ನೀರಿತ್ತು, ಬಿಳಿ ಬಕೆಟ್ಟಿನ ಕಾಲದ್ದು, ನಾನು ಕಡಲು ಬತ್ತುತ್ತದೆಯೇ ಎಂದು ಹಂಗಿಸಿದ್ದು. ಅದನ್ನೇ ಸುರಿದೆವು. ಗಾಳಿಯ ಕೊಳವೆ ಇಳಿಬಿಟ್ಟೆವು. ಅವಳು ಒಂದೊಂದನ್ನೂ ನೀರಿನೊಳಗೇ ಬೊಗಸೆಯಲ್ಲಿ ಹಿಡಿದು ದಾಟಿಸಿದಳು. ನನಗೆ ಒಂದನ್ನೂ ಮುಟ್ಟಗೊಡಲಿಲ್ಲ. ಮಗ್ಗುಲಾಗಿದ್ದ ಕೊಳವೆಮೀನು ಅವಳ ಕೈಯಲ್ಲೇ ಸತ್ತಿತು. ಅದನ್ನು ಚಹಾ ತಟ್ಟೆಯ ಮೇಲಿಟ್ಟು, ಮೇಲೊಂದು ತಟ್ಟೆ ಕವುಚಿದಳು.

“ಈ ಪೆಟ್ಟಿಗೆ ನೀರು ಸಾಯಂಕಾಲಕ್ಕೆ ಕೆಡುತ್ತೆ. ಉಬ್ಬರ ಎಷ್ಟೊತ್ತಿಗೆ?”

“ಎರಡೂವರೆಗೆ. ಹೊಸ ಬಕೆಟ್ಟು ಕೊಂಡು ನಾನು...”

“ನಾನೂ ಬರ್ತೀನಿ.”

“ಜೆಟ್ಟಿಗಾ?”

“ನಿನ್ನ ಕಣ್ಣು ನಂಬ್ಕೊಂಡು ಇದ್ದಾಯ್ತಲ್ಲ.” ಅದೊಂದೇ ಅವಳು ಆಡಿದ ಚುಚ್ಚುಮಾತು. ಒಳಕ್ಕೆ ಇಳಿಯಿತು.

ಮೊದಲ ಕಂಬದ ಬಳಿ ನಿಂತಳು. ಹಲಗೆಗಳ ಸಂದಿಯಲ್ಲಿ ಕೆಳಗೆ ನೀರು ಕಾಣುತ್ತದೆ. ಅವಳು ಹಿಂದಿನಿಂದ ನನ್ನ ಬೆಲ್ಟನ್ನು ಗಟ್ಟಿಯಾಗಿ ಹಿಡಿದಳು. ಹಾಗೆಯೇ, ಒಂದೊಂದು ಹಲಗೆಗೂ ಉಸಿರು ಬಿಗಿಹಿಡಿದು, ಅರವತ್ತೆಂಟು ವರ್ಷದ ಹೆಂಗಸು ಅಪ್ಪ ಬಿದ್ದ ತುದಿಯವರೆಗೆ ಬಂದಳು. ಅವಳ ನಡುಕ ಬೆಲ್ಟಿನಲ್ಲಿ ಹಾದು ನನ್ನ ಬೆನ್ನಿಗೆ ಹತ್ತುತ್ತಿತ್ತು. ನನಗೂ ಆ ದಿನ ಮೊದಲ ಬಾರಿಗೆ ಆ ನೀರು ಕಪ್ಪಗೆ, ಆಳವಾಗಿ ಕಂಡಿತು. ಹೊಸ ಬಕೆಟ್ಟಿನ ಒಳಗೆಲ್ಲ ಅವಳು ಬೆರಳಾಡಿಸಿ ನೋಡಿ, ಮೂಸಿ, ಆಮೇಲೆ ಕೊಟ್ಟಳು. ಆರು ಡ್ರಮ್ಮು ತುಂಬಿಸುವವರೆಗೂ ಬೆಲ್ಟು ಬಿಡಲಿಲ್ಲ.

ಎರಡು ದಿನ ಗಂಡು ಏನೂ ತಿನ್ನಲಿಲ್ಲ. ಎರಡು ದಿನ ನಾನೂ ಸರಿಯಾಗಿ ಉಣ್ಣಲಿಲ್ಲ. ಶನಿವಾರ ಬೆಳಿಗ್ಗೆ ಬೇಲಿಯ ಬಳಿ ಅವಳು ನಿಂತಿದ್ದಳು. ಮುಖ ನೋಡಿ ಏನೂ ತಿಳಿಯಲಿಲ್ಲ. ಕಾಲೆಳೆದುಕೊಂಡು ಹೋದೆ. ಪೆಟ್ಟಿಗೆಯಲ್ಲಿ ಗಂಡು, ಅವಳು ಇಳಿಬಿಟ್ಟಿದ್ದ ಹೊಸ ಹಗ್ಗಕ್ಕೆ ಬಾಲ ಬಿಗಿದು ನಿಂತಿದ್ದ, ಹೊಟ್ಟೆ ಜೋಲಾಗಿತ್ತು. ಅವನ ಸುತ್ತ, ಉಗುರಿಗಿಂತ ಸ್ವಲ್ಪ ಉದ್ದದ ಮರಿಗಳು, ಮುನ್ನೂರೋ ನಾನೂರೋ, ಒಂದರ ಬಾಲ ಒಂದು ಹಿಡಿದುಕೊಂಡು ತೇಲುತ್ತಿದ್ದವು. ನಾನು ನೆಲದ ಮೇಲೆ ಕುಳಿತು ಅತ್ತೆ. ಯಾರೇನು ಅಂದುಕೊಂಡರೂ ಸರಿ, ಅತ್ತೆ.

“ಮುಕ್ಕಾಲು ಪಾಲು ಉಳಿಯಲ್ಲ,” ಎಂದಳು ಅವಳು. “ಮೊದಲೇ ಹೇಳಿರ್ತೀನಿ.” ನೂರ ಹನ್ನೊಂದು ಉಳಿದವು.

ಈಗ ನೀರು ತರಲು ಇಬ್ಬರೂ ಹೋಗುತ್ತೇವೆ. ತಂದ ಪ್ರತಿ ಡ್ರಮ್ಮಿಗೂ ಅವಳು ಮೂರು ಜೀವಂತ ಸೀಗಡಿ ಬಿಡುತ್ತಾಳೆ. ಇಡೀ ಹಗಲು ಅವು ಬದುಕಿದ್ದರೆ ಮಾತ್ರ ಆ ನೀರು ತೊಟ್ಟಿಗೆ. ಡಲ್ಸಿ ಬಂದಾಗೆಲ್ಲ ನಗುತ್ತಾಳೆ: “ಇವನಿಗೂ ಅಂಟಿಸಿಬಿಟ್ಟೆಯಲ್ಲೇ ನಿನ್ನ ರೋಗಾನ!” ನೋಯ್ಲೀನ್ ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯುತ್ತಾಳೆ, ಒಂದೊಂದು ಸಲ ಅಲ್ಲೇ ಕಣ್ಣು ಮುಚ್ಚಿ ತೂಕಡಿಸುತ್ತಾಳೆ. ನಾನು ಡ್ರಮ್ಮಿನ ಮೇಲೆ ಬಗ್ಗಿ ಆ ಮೂರು ಸೀಗಡಿಗಳನ್ನು ಎಣಿಸುತ್ತಿರುತ್ತೇನೆ.