ಟೇಪಿನ ಕೆಳಗಿನ ಹೆಬ್ಬೆರಳು

ಪೀರನವಾಡಿಯ ನಮ್ಮ ಮನೆಯ ಪಕ್ಕದಲ್ಲಿ ಯಾರೋ ಹೊಸ ಮನೆ ಕಟ್ಟಿಸುತ್ತಿದ್ದಾರೆ. ಇವತ್ತು ಬಾಗಿಲ ಚೌಕಟ್ಟಿಗೆ ರಂದಾ ಹೊಡೆಯುತ್ತಿದ್ದರು. ಸಂಜೆಯ ಗಾಳಿ ಈ ಕಡೆ ತಿರುಗಿದ್ದೇ ತಡ, ಹೆರೆದ ಕಟ್ಟಿಗೆಯ ವಾಸನೆ ಕಿಟಕಿಯಿಂದ ಒಳಗೆ ಬಂತು. ಮಂಚದ ಮೇಲೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದ ನನ್ನ ಹೆಂಡತಿ ನೀಲವ್ವ ಮೂಗರಳಿಸಿ ತಲೆಯೆತ್ತಿದಳು.

"ಯಾವ ಕಟಗಿ ಅದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಕೈಯೆತ್ತಿ ತಡೆದಳು. "ನೀವು ಹೇಳಬ್ಯಾಡ್ರಿ. ಒಂದು ತುಂಡು ತಂದು ನನ್ನ ಕೈಯಾಗ ಕೊಡ್ರಿ."

ನನ್ನ ಆಯುಷ್ಯದ ದೊಡ್ಡ ಪಾಲು ಕಟ್ಟಿಗೆ ಅಳೆಯುವುದರಲ್ಲೇ ಕಳೆದಿದೆ. ಆದರೂ ನನ್ನ ಹೆಂಡತಿಗೆ ಕಟ್ಟಿಗೆಯ ಬಗ್ಗೆ ನನ್ನ ಮಾತು ಬೇಡ. ಯಾಕೆ ಬೇಡ ಎಂಬುದನ್ನು ಇಷ್ಟು ದಿನ ಯಾರಿಗೂ ಹೇಳಿಲ್ಲ. ನಿಮಗೆ ಹೇಳುತ್ತೇನೆ. ಕೇಳಿದ ಮೇಲೆ ನೀವೂ ನನ್ನನ್ನು ನಂಬದಿದ್ದರೆ ತಪ್ಪು ತಿಳಿಯುವುದಿಲ್ಲ.

ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಖಾನಾಪುರದ ಒಂದು ಕಟ್ಟಿಗೆ ಅಡ್ಡೆಯಲ್ಲಿ ಕೆಲಸಕ್ಕೆ ಸೇರಿದೆ. ದಿಮ್ಮಿಯ ನಡುವಿಗೆ ಟೇಪು ಸುತ್ತಿ ಸುತ್ತಳತೆ ಹಿಡಿಯುವುದು, ಉದ್ದ ಹಿಡಿಯುವುದು, ಎರಡನ್ನೂ ಲೆಕ್ಕಕ್ಕೆ ಹಾಕಿ ಇಷ್ಟು ಘನಅಡಿ ಎಂದು ಕೂಗುವುದು. ಇದೇನು ದೊಡ್ಡ ವಿದ್ಯೆ ಅನ್ನಬೇಡಿ. ನಮ್ಮ ಸಾವಕಾರರು ಮೊದಲ ದಿನವೇ ನನ್ನ ಹೆಗಲ ಮೇಲೆ ಕೈಯಿಟ್ಟು ಉಪದೇಶ ಮಾಡಿದ್ದರು: "ತಮ್ಮಾ, ಕೊಳ್ಳೂಮುಂದ ಟೇಪು ಬಿಗಿ ಇರಲಿ. ಮಾರೂಮುಂದ ಅದಕ್ಕೂ ಒಂದೀಟು ಉಸರಾಡಾಕ ಜಾಗಾ ಕೊಡು."

ಜಾಗ ಕೊಡುವುದು ಎಂದರೆ ಹೆಬ್ಬೆರಳನ್ನು ಟೇಪಿನ ಕೆಳಗೆ ತೂರಿಸಿ ಸುತ್ತಳತೆ ಹಿಗ್ಗಿಸುವುದು. ನೋಡುವವರಿಗೆ ದಿಮ್ಮಿಯನ್ನು ಪ್ರೀತಿಯಿಂದ ತಬ್ಬಿಕೊಂಡಂತೆ ಕಾಣಬೇಕು, ಬೆರಳು ಕಾಣಬಾರದು. ಎಲ್ಲ ಅಡ್ಡೆಗಳಲ್ಲೂ ಇದೇ ನಡೆಯುತ್ತದೆ ಎಂದು ಅವರು ಹೇಳಿದರು, ನಾನು ನಂಬಿದೆ. ಅದರಿಂದ ಆದ ನಷ್ಟ ಇನ್ನೊಂದು: ಜಗತ್ತಿನಲ್ಲಿ ಯಾರು ಏನನ್ನು ಅಳೆದರೂ ನನ್ನ ಕಣ್ಣು ಅವರ ಹೆಬ್ಬೆರಳನ್ನೇ ಹುಡುಕತೊಡಗಿತು. ಹಾಲಿನವನ ಲೀಟರಿನ ತಳವನ್ನು ಮುಟ್ಟಿ ನೋಡುತ್ತಿದ್ದೆ. ಅರಿವೆ ಅಂಗಡಿಯವನು ಮೀಟರು ಎಳೆಯುವಾಗ ಬಗ್ಗಿ ನೋಡುತ್ತಿದ್ದೆ. ಪೆಟ್ರೋಲ್ ಹಾಕುವ ಹುಡುಗಿ ನನ್ನ ಸ್ಕೂಟರ್ ಕಂಡರೆ ತಾನಾಗಿಯೇ, "ಝೀರೋ ನೋಡ್ರಿ ಕಾಕಾ, ಆಮ್ಯಾಲ ಜಗಳಾ ಬ್ಯಾಡ" ಎನ್ನುತ್ತಿದ್ದಳು. ನೀಲವ್ವ ನಗುತ್ತಿದ್ದಳು: "ಇವರನ್ನ ಕೈಲಾಸಕ್ಕ ಕರಕೊಂಡ ಹೋದ್ರೂ ಒಳಗ ಹೋಗೂದಿಲ್ಲ, ಬಾಗಲದ ಅಳತಿ ತೊಗೋತಾರ."

ಅವಳಿಗೆ ತಲೆನೋವು ಶುರುವಾದದ್ದು ಯಾವಾಗ ಎಂದು ಸರಿಯಾಗಿ ನೆನಪಿಲ್ಲ. ಎಡಗಣ್ಣಿನ ಮುಂದೆ ಹೊಗೆ ಆಡಿದಂತೆ ಆಗುತ್ತದೆ ಎಂದಾಗ ಬೆಳಗಾವಿಯ ಒಂದು ಆಸ್ಪತ್ರೆಗೆ ಕರೆದೊಯ್ದೆ. ಎಂ.ಆರ್.ಐ. ಮಾಡಿದರು. ತಲೆಯೊಳಗೆ, ಕಣ್ಣಿನ ನರದ ಹತ್ತಿರ, ಒಂದು ಗಡ್ಡೆ. ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯುವ ಜಾತಿಯದು ಎಂದರು. ಕೆಲವು ತಿಂಗಳು ಬಿಟ್ಟು ಮತ್ತೆ ಅಳೆಯೋಣ, ಬೆಳೆದಿದ್ದರೆ ತಡ ಮಾಡದೆ ತೆಗೆಯಬೇಕು, ಇಲ್ಲದಿದ್ದರೆ ಕಾಯಬಹುದು ಎಂದರು.

ನೋಡಿ, ಎಲ್ಲವೂ ಬಂದು ಅಳತೆಯ ಮೇಲೆ ನಿಂತಿತು. ನನ್ನ ಕಿವಿ ನೆಟ್ಟಗಾಯಿತು.

ಎರಡನೇ ಸಲ ಹೋದಾಗ, ಹೇಗೆ ಅಳೆಯುತ್ತೀರಿ ತೋರಿಸಿ ಎಂದು ಹಟ ಹಿಡಿದೆ. ಸ್ಕ್ಯಾನ್ ನೋಡುವ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೇಸರಿಸದೆ ನಮ್ಮಿಬ್ಬರನ್ನೂ ಒಳಗೆ ಕರೆದು ಪರದೆಯ ಮುಂದೆ ಕೂರಿಸಿದಳು.

"ಬದನಿಕಾಯಿ ತೆಳ್ಳಗ ಹೋಳು ಮಾಡಿದಂಗ ತಲಿ ಫೋಟೋ ತಗದೀವಿ ಕಾಕಾ. ಒಂದೊಂದು ಹೋಳಿನಾಗೂ ಗಡ್ಡಿ ಎಲ್ಲಿಂದ ಎಲ್ಲಿತನಾ ಐತಿ ಅಂತ ಕಂಪ್ಯೂಟರ್ ಸುತ್ತ ಗೆರಿ ಹಾಕತೈತಿ. ಗೆರಿ ಒಳಗಿಂದೆಲ್ಲಾ ಕೂಡಿಸಿದ್ರ ಗಡ್ಡಿ ಎಷ್ಟು ದೊಡ್ಡದು ಅಂತ ತಿಳೀತೈತಿ."

"ಬದನಿಕಾಯಿ ಅಂದ್ರಲ್ಲ," ನೀಲವ್ವ ಹೇಳಿದಳು, "ಎಣಗಾಯಿಗೆ ಬರೂವಂಗ ಐತೇನ್ರಿ ನನ್ನ ತಲಿ?"

ಡಾಕ್ಟರು ನಕ್ಕಳು. ನಾನು ನಗಲಿಲ್ಲ. "ಕಂಪ್ಯೂಟರ್ ತಪ್ಪು ಗೆರಿ ಹಾಕಿದ್ರ?" ಎಂದು ಕೇಳಿದೆ.

"ಅದಕ್ಕ ನಾವು ಕುಂತೀವಲ್ರಿ, ತಿದ್ದಾಕ."

ಹಾಗೆನ್ನುತ್ತಲೇ ಅವಳು ಮೌಸ್ ಹಿಡಿದು ಹಸಿರು ಗೆರೆಯ ಒಂದು ತುದಿಯನ್ನು ಕೊಂಚ ಹೊರಗೆ ಎಳೆದಳು. ಗೆರೆ ಹಿಗ್ಗಿತು. ಸಿಕ್ಕಿತು ಹೆಬ್ಬೆರಳು, ಅಂದುಕೊಂಡೆ. ನನ್ನ ಕಣ್ಣೆದುರೇ!

ಮೊದಲ ಸಲ ಒಂಬತ್ತು ಎಂ.ಎಲ್. ಇದ್ದ ಗಡ್ಡೆ ಈಗ ಹದಿಮೂರು ಎಂದು ಬಂತು. ಬೇಗ ತೆಗೆಸಿ ಎಂದರು. ಮನೆಗೆ ಬಂದು ಕೆಮ್ಮಿನ ಔಷಧದ ಮುಚ್ಚಳದಲ್ಲಿ ಮೊದಲು ಒಂಬತ್ತು, ಆಮೇಲೆ ಹದಿಮೂರು ಎಂ.ಎಲ್. ಅಂದಾಜಿಗೆ ನೀರು ಹಾಕಿ ನೋಡಿದೆ. ನಡುವಿನ ಈ ನಾಲ್ಕು ನಿಜವಾದ ಗಡ್ಡೆಯೋ, ಆ ಹುಡುಗಿಯ ಬೆರಳೋ? ಆಪರೇಷನ್ ಮಾಡಿಸಲೆಂದೇ ಗೆರೆ ಹಿಗ್ಗಿಸಿದ್ದಾರೆ ಎಂದು ನನಗೆ ಖಾತ್ರಿಯಾಯಿತು.

ಸ್ಕ್ಯಾನಿನ ಸಿ.ಡಿ. ಹಿಡಿದುಕೊಂಡು ಬೆಳಗಾವಿಯಲ್ಲೇ ಕ್ಯಾಂಪ್ ಎನ್ನುವ ಬಡಾವಣೆಯ ಇನ್ನೊಬ್ಬ ಡಾಕ್ಟರ ಹತ್ತಿರ ಹೋದೆ. ನೀಲವ್ವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದೆ. ಆ ಹಿರಿಯರು ಹೋಳುಗಳ ತಂಟೆಗೆ ಹೋಗಲಿಲ್ಲ. ಗಡ್ಡೆಯ ಉದ್ದ, ಅಗಲ, ಎತ್ತರ ಮೂರನ್ನೂ ಹಿಡಿದು, ಗುಣಿಸಿ, ಅರ್ಧ ಮಾಡಿ, "ಹತ್ತು ಆಗತೈತಿ" ಎಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಅವರನ್ನು ತಬ್ಬಿಕೊಳ್ಳುವುದೊಂದು ಬಾಕಿ. ಇದು ನಮ್ಮ ಅಡ್ಡೆಯ ಲೆಕ್ಕ! ನನಗೆ ಗೊತ್ತಿದ್ದ ವಿದ್ಯೆ! ಒಂಬತ್ತಕ್ಕೂ ಹತ್ತಕ್ಕೂ ಏನು ಫರಕು?

ಆದರೆ ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಇದು ಬರೇ ಅಂದಾಜು ನೋಡ್ರಿ. ದುಂಡಗಿದ್ರ ಈ ಲೆಕ್ಕ ನಡೀತೈತಿ. ಈ ಗಡ್ಡಿಗೆ ನರದ ಕಡೆ ಒಂದು ಬಾಲ ಐತಿ, ಅದು ಇದರಾಗ ಬರಂಗಿಲ್ಲ. ಅವರು ಹೋಳ ಹೋಳ ಗೆರಿ ಹಾಕ್ಯಾರ. ಅವರದ್ದ ಖರೇ ಅಂತ ತಿಳೀರಿ," ಎಂದರು.

ಈ ಮಾತು ನನಗೆ ಅರ್ಥವಾಗಲಿಲ್ಲ ಎಂದು ಹೇಳಿ ಪಾರಾಗಬಹುದಿತ್ತು. ಆದರೆ ಕೊಂಬೆಯ ಬುಡ ಉಳಿದ ದಿಮ್ಮಿಗೆ ನಡುವಿನ ಸುತ್ತಳತೆ ಹಿಡಿದರೆ ಕೊಂಬೆ ಲೆಕ್ಕ ತಪ್ಪುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅರ್ಥವಾಗಿತ್ತು. ಪೂರ್ತಿ ಅರ್ಥವಾಗಿತ್ತು.

ಹೊರಗೆ ಬಂದೆ. ನೀಲವ್ವ ನನ್ನ ತೋಳು ಹಿಡಿದು ಎದ್ದಳು. "ಏನಂದ್ರು? ಖರೇ ಹೇಳ್ರಿ, ಬೆಳದೈತೋ ಇಲ್ಲೋ? ಬೆಳದಿದ್ರ ಕೊಯ್ಸಿ ಬಿಡೂಣು. ನನಗ ಕಣ್ಣು ಉಳೀಬೇಕು."

"ಬೆಳದಿಲ್ಲ" ಎಂದೆ.

ಯಾಕೆ ಹಾಗೆಂದೆ? ಅವಳ ತಲೆಬುರುಡೆ ತೆರೆಯುತ್ತಾರೆಂಬ ಭಯ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಈಗ ಆ ಕಾರಣದ ಮೇಲೂ ನನಗೆ ಗುಮಾನಿ. ಆ ಹುಡುಗಿಯ ಬೆರಳು ಹಿಡಿದೆನೆಂಬ ಹೆಮ್ಮೆ ಅದರೊಳಗೆ ಎಷ್ಟಿತ್ತೋ! ಎಲ್ಲಿ ಭಯ ಮುಗಿದು ಎಲ್ಲಿ ಹೆಮ್ಮೆ ಶುರುವಾಯಿತು ಎಂದು ಗೆರೆ ಹಾಕಲು ನನಗೆ ಬರುವುದಿಲ್ಲ.

ಆಸ್ಪತ್ರೆಯಿಂದ ಫೋನ್ ಬಂದರೆ ಎತ್ತುತ್ತಿರಲಿಲ್ಲ. ಮಳೆಗಾಲ ಕಳೆಯಿತು, ದೀಪಾವಳಿಯೂ ಕಳೆಯಿತು. ಒಂದು ದಿನ ನೀಲವ್ವನ ತವರೂರಾದ ಬೀಡಿಗೆ ಹೊರಟಿದ್ದೆವು. ಖಾನಾಪುರ ಬಸ್ ನಿಲ್ದಾಣದಲ್ಲಿ ಅವಳ ಅಕ್ಕ ನಮ್ಮನ್ನು ಕೂಡಿಕೊಂಡಳು. ಬೆಂಚಿನ ಮೇಲೆ ನೀಲವ್ವನ ಎಡಬದಿಗೇ ಕುಳಿತು, ಚೀಲದಿಂದ ಚಕ್ಕುಲಿ ತೆಗೆದು ಅವಳ ಮುಂದೆ ಹಿಡಿದಿದ್ದಳು. ನೀಲವ್ವ ಎದುರಿಗೆ ನೋಡುತ್ತಾ ನನ್ನನ್ನು ಕೇಳಿದಳು: "ಅಕ್ಕ ಎಲ್ಲಿ ಹೋದ್ಲು ರೀ?"

ಚಕ್ಕುಲಿ ಹಿಡಿದ ಕೈ ಹಾಗೇ ನಿಂತಿತು. ಅಕ್ಕ ನನ್ನ ಮುಖ ನೋಡಿದಳು. ಬೀಡಿಯ ಬಸ್ಸು ಬಂದು ಹೋಯಿತು. ನಾವು ಬೆಳಗಾವಿಗೆ ವಾಪಸು ಬಂದೆವು.

ಆಪರೇಷನ್ ಆಯಿತು. ಜೀವ ಉಳಿಯಿತು. ಎಡಗಣ್ಣು ಪೂರ್ತಿ ಹೋಯಿತು. ಬಲಗಣ್ಣಿನಲ್ಲಿ ಮಂಜು, ಸಂಜೆಯಾದರೆ ಅದೂ ದಟ್ಟವಾಗುತ್ತದೆ. ನರಕ್ಕೆ ಅಂಟಿದ ಒಂದು ಚೂರನ್ನು ಅಲ್ಲೇ ಬಿಟ್ಟಿದ್ದಾರೆ. ಅದನ್ನು ವರ್ಷ ವರ್ಷ ಅಳೆಯುತ್ತಾರೆ.

ಅಂಥ ಒಂದು ಭೇಟಿಯಲ್ಲಿ ಆ ಚಿಕ್ಕ ಡಾಕ್ಟರನ್ನು ಕೇಳಿಯೇ ಬಿಟ್ಟೆ: "ಅವತ್ತು ಗೆರಿ ಹೊರಗ ಯಾಕ ಎಳೆದ್ರಿ?" ಅವಳು ಹಳೆಯ ಚಿತ್ರ ತೆರೆದಳು. ಗಡ್ಡೆಯಿಂದ ನರದ ಕಡೆಗೆ ತೆಳ್ಳಗೆ ಹರಿದ ಬಾಲವನ್ನು ಕಂಪ್ಯೂಟರ್ ಬಿಟ್ಟುಬಿಟ್ಟಿತ್ತಂತೆ. "ಮತ್ತ ಇಲ್ಲಿ ನೋಡ್ರಿ ಕಾಕಾ, ರಕ್ತನಾಳಾನೂ ಗಡ್ಡಿ ಅಂತ ಹಿಡದಿತ್ತು. ಇಲ್ಲಿ ಒಳಗ ಸರಿಸೀನಿ." ನಾನು ಪಕ್ಕದಲ್ಲೇ ಕುಳಿತಿದ್ದಾಗ ಅವಳು ಗೆರೆಯನ್ನು ಎರಡೂ ಕಡೆ ತಿದ್ದಿದ್ದಳು. ನನಗೆ ಕಂಡದ್ದು ಹೊರಗೆ ಸರಿದದ್ದು ಮಾತ್ರ.

ಅಂದು ಮನೆಗೆ ಬಂದು ನೀಲವ್ವನಿಗೆ ಎಲ್ಲವನ್ನೂ ಹೇಳಿದೆ. ಕ್ಯಾಂಪಿನ ಡಾಕ್ಟರ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಇಷ್ಟೇ ಅಂದಳು: "ಮಂದಿ ಹೆಬ್ಬಟ್ಟು ಹುಡಕಾಕ ಊರೆಲ್ಲಾ ತಿರಗಿದ್ರಿ. ನಿಮ್ಮದು ನನ್ನ ಕಣ್ಣ ಮ್ಯಾಲ ಇತ್ತಲ್ರಿ."

ಅಲ್ಲಿಂದೀಚೆಗೆ ಅವಳು ನನ್ನಿಂದ ಯಾವ ಅಳತೆಯನ್ನೂ ಕೇಳಿ ತಿಳಿದಿಲ್ಲ. ಡಬ್ಬಿಯಲ್ಲಿ ಹಿಟ್ಟೆಷ್ಟಿದೆ ಎಂದು ಕೈ ಹಾಕಿ ನೋಡುತ್ತಾಳೆ. ಚಹಾ ಸೋಸುವಾಗ ಕಪ್ಪಿನ ಅಂಚಿಗೆ ಬೆರಳಿಟ್ಟು, ಬಿಸಿ ತಾಗಿದರೆ ನಿಲ್ಲಿಸುತ್ತಾಳೆ. ನಾನು ಪಕ್ಕದಲ್ಲೇ ನಿಂತು "ಸಾಕು" ಎಂದರೂ ಬೆರಳು ತೆಗೆಯುವುದಿಲ್ಲ. ಡಾಕ್ಟರ ಹತ್ತಿರವೂ ಅವಳೇ ಒಳಗೆ ಹೋಗಿ ಕೇಳುತ್ತಾಳೆ. ಬೆಂಚಿನ ಮೇಲೆ ಕೂರುವವನು ಈಗ ನಾನು.

ಇವತ್ತು ಪಕ್ಕದ ಮನೆಗೆ ಹೋಗಿ, ಬಡಿಗನನ್ನು ಕೇಳಿ, ಬೆರಳುದ್ದದ ಒಂದು ತುಂಡು ತಂದು ಅವಳ ಅಂಗೈಯಲ್ಲಿಟ್ಟೆ. ಮೂಸಿದಳು, ಉಗುರಿನಿಂದ ಕೆರೆದಳು. "ಒಂದು ಕಡೆ ಗಟ್ಟಿ ಐತಿ, ಒಂದು ಕಡೆ ಮೆತ್ತಗ," ಎಂದಳು. ಆಮೇಲೆ ತುಂಡಿನ ಮೇಲೆ ಹೆಬ್ಬೆರಳು ಸರಿಸುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದಳು. "ಇಲ್ಲಿಗೆ ಬ್ಯಾರೆ ಆತು."

ನಾನು ಬಗ್ಗಿ ನೋಡಿದೆ. ಸಾಗವಾನಿಯ ಕಂದು ತಿರುಳೂ ಹೊರಗಿನ ಮೆತ್ತನೆಯ ಬಿಳಿ ಭಾಗವೂ ಕೂಡುವ ಜಾಗ ಅವಳ ಬೆರಳಿನಿಂದ ಇನ್ನೂ ಸ್ವಲ್ಪ ಆಚೆಗಿತ್ತು. ಹೌದು ಎಂದುಬಿಡುವುದು ಸುಲಭವಿತ್ತು, ಅವಳಿಗೂ ಖುಷಿಯಾಗುತ್ತಿತ್ತು.

ಅವಳ ಹೆಬ್ಬೆರಳನ್ನು ಹಿಡಿದು ನಿಧಾನವಾಗಿ ಹೊರಕ್ಕೆ ಸರಿಸಿದೆ. "ಇಲ್ಲಿ."

ಅವಳು ಕೈ ಎಳೆದುಕೊಳ್ಳಲಿಲ್ಲ. ಆ ಜಾಗವನ್ನು ಉಗುರಿನಿಂದ ಮತ್ತೊಮ್ಮೆ, ಮತ್ತೊಮ್ಮೆ ಕೆರೆದು ಪರೀಕ್ಷಿಸಿದಳು.

"ಹೂಂ," ಎಂದಳು. "ಈಗ ಹೇಳ್ರಿ. ಯಾವ ಕಟಗಿ?"